ಒಂದೇ ವರ್ಷದಲ್ಲಿ ನಮ್ಮೂರಲ್ಲಿ ಮೂರು ಸಾವು. ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಬೆಳವಲದ_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವನು. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಮೂರೂ ಮನೆಯವರ ಗುರುತು ಸಿಗುತ್ತದೆ. ಇಲ್ಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು.

ಒಂದು ವರ್ಷದೊಳಗೆ ಮೂರು ಜನ ಆತ್ಮಹತ್ಯೆ ಮಾಡಿಕೊಂಡರು. ಒಬ್ಬರು ಹತ್ತಿ, ಗೋವಿನಜೋಳ ಬೆಳೆಯುತ್ತಿದ್ದ ರೈತ. ಒಬ್ಬಳು ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ. ಮೂರನೆಯವನು ಪಿಯುಸಿ ಓದುತ್ತಿದ್ದ ಹುಡುಗ.

ಆ ರೈತ ನನಗೆ ಕಾಕಾ ಆಗಬೇಕು. ಸಾಯುವ ನಾಲ್ಕು ದಿನ ಮುಂಚೆ ಸೊಸೈಟಿಗೆ ಬಂದು 300 ರೂಪಾಯಿ ಕೊಟ್ಟರು. ಯಾವಾಗಲೋ ನನ್ನ ಹತ್ತಿರ ಇಸಿದುಕೊಂಡಿದ್ದ ಕೈಗಡ. "ಇರಲಿ ಕಾಕಾ, ಆಮ್ಯಾಲೆ ಕೊಡ್ರಿ" ಅಂದೆ. "ಬ್ಯಾಡಪಾ, ಉಳಿಸ್ಕೋಬಾರದು" ಅಂದರು. ರಸೀದಿ ಪುಸ್ತಕದ ಮೇಲೆ ನೋಟು ಇಟ್ಟು, ನನ್ನ ತಲೆ ಮೇಲೆ ಕೈಯಿಟ್ಟು ಹೋದರು. ನಾನು ಸಾಲದ ಪಟ್ಟಿ ಬರೆಯುತ್ತಾ ಕೂತಿದ್ದೆ, ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. ಅವತ್ತಿಂದ ಅದೇ ಕಣ್ಣ ಮುಂದೆ ಬರುತ್ತಿದೆ.

ಮುಂದಿನ ತಿಂಗಳು ಗ್ರಾಮಸಭೆ ಇದೆ. ಸಾವಾದ ಮೇಲೆ ಅಧಿಕಾರಿಗಳು ಬರುತ್ತಾರೆ, ಫೋಟೋ ಆಗುತ್ತದೆ, ಪರಿಹಾರದ ಮಾತಾಗುತ್ತದೆ. ನನಗೆ ಬೇಕಾಗಿರುವುದು ಸಾವಿಗೆ ಮುಂಚೆ ಊರು ಏನು ಮಾಡಬಹುದು ಅನ್ನುವುದು. ದುಡ್ಡು ಜಾಸ್ತಿ ಬೇಡದ, ನಾವೇ ಮಾಡಬಹುದಾದ ಕೆಲಸ. ಗೊತ್ತಿದ್ದವರು ಹೇಳಿ.

ನಿರ್ವಾಹಕ
ಚರ್ಚೆ ಮುಂದುವರಿಯಲಿ. ಯಾರು ಹೇಗೆ ಸತ್ತರು ಅನ್ನುವ ವಿವರ ಯಾರೂ ಬರೆಯಬೇಡಿ, ಬರೆದರೆ ತೆಗೆಯುತ್ತೇನೆ. ಓದುತ್ತಿರುವ ಯಾರಿಗಾದರೂ ಬದುಕು ಸಾಕಾಗಿದೆ ಅನ್ನಿಸುತ್ತಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಜೀವಕ್ಕೆ ಅಪಾಯ ಇದ್ದರೆ 108.

ಕಬ್ಬಿನಗದ್ದೆ
ತಮ್ಮಾ, ನಿನ್ನ ಸಂಕಟ ಅರ್ಥವಾಗುತ್ತೆ. ಆದರೆ ಇದು ಊರಿನವರು ಸರಿಮಾಡುವ ವಿಷಯ ಅಲ್ಲ. ನಾನು ಮಂಡ್ಯದವನು. 2015ರಲ್ಲಿ ಇಲ್ಲಿ ಸಾಲುಸಾಲಾಗಿ ರೈತರು ಹೋದರು. ಕಬ್ಬಿನ ಬಾಕಿ ಬಂದಿರಲಿಲ್ಲ, ಬೆಲೆ ಇರಲಿಲ್ಲ. ಆಗ ಊರಿಗೆ ಬಂದವರು "ಧೈರ್ಯವಾಗಿರಿ" ಅಂತ ಭಾಷಣ ಮಾಡಿದರು. ಧೈರ್ಯ ಇತ್ತು ಸ್ವಾಮಿ, ದುಡ್ಡಿರಲಿಲ್ಲ. ರೈತನಿಗೆ ತಲೆ ಸರಿಯಿಲ್ಲ ಅಂತ ಹಣೆಪಟ್ಟಿ ಕಟ್ಟಿ ಡಾಕ್ಟರ್ ಹತ್ತಿರ ಕಳಿಸಿದರೆ ಸರ್ಕಾರಕ್ಕೆ ಅನುಕೂಲ. ಬೆಲೆ ಕೊಡಿ, ಬೆಳೆ ವಿಮೆ ಟೈಮಿಗೆ ಕೊಡಿ. ಉಳಿದದ್ದು ಆಮೇಲೆ.

ತಾಲ್ಲೂಕು_ಡಾಕ್ಟರಮ್ಮ
ಕಬ್ಬಿನಗದ್ದೆ ಅಣ್ಣಾ, ಅರ್ಧ ಒಪ್ಪುತ್ತೇನೆ. ನಾನು ಮನೋವೈದ್ಯೆ, ಸರ್ಕಾರಿ ಕೆಲಸ. ಸಾಲ, ಬೆಲೆ, ಬರ ಇವು ನಿಜವಾದ ಕಾರಣಗಳೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅದನ್ನು ಮಾತ್ರೆ ಕೊಟ್ಟು ಸರಿಮಾಡಲು ಆಗುವುದಿಲ್ಲ.

ಆದರೆ ಒಂದೇ ಊರಲ್ಲಿ ನೂರು ಜನಕ್ಕೆ ಅಷ್ಟೇ ಸಾಲ ಇರುತ್ತದೆ. ಅವರಲ್ಲಿ ಒಬ್ಬರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕುಡಿತ ಜಾಸ್ತಿಯಾಗುತ್ತದೆ, ಜನರನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಾರೆ. ಬೆಲೆ ಬರುವವರೆಗೆ ಅವರನ್ನು ಉಳಿಸಿಕೊಳ್ಳುವುದು ಹೇಗೆ? ಈ ಹುಡುಗ ಕೇಳುತ್ತಿರುವುದು ಅದನ್ನೇ. ಬೆಲೆಗೆ ಹೋರಾಟ ಮಾಡುವುದಕ್ಕೂ ಆ ಮನುಷ್ಯ ಬದುಕಿರಬೇಕು ಅಲ್ವಾ?

ಕಬ್ಬಿನಗದ್ದೆ
ಸರಿ ಮೇಡಂ, ಬದುಕಿರಬೇಕು. ಆದರೆ ನಿಮ್ಮ ಮಾತು ಕೇಳಿದ ಅಧಿಕಾರಿ ನಾಳೆ "ಇದು ಕುಡಿತದ ಸಾವು" ಅಂತ ಬರೆದು ಪರಿಹಾರ ತಿರಸ್ಕಾರ ಮಾಡುತ್ತಾನೆ. ನಮ್ಮ ಕಡೆ ಹಾಗೆ ಆಗಿದೆ.

ತಾಲ್ಲೂಕು_ಡಾಕ್ಟರಮ್ಮ
ಅದು ತಪ್ಪು, ನಾನೂ ಖಂಡಿಸುತ್ತೇನೆ. ಸಾಲದ ಸಂಕಟದಲ್ಲೇ ಕುಡಿತ ಹೆಚ್ಚುವುದು. ಎರಡನ್ನೂ ಬಿಡಿಸಿ ನೋಡಿದರೆ ಏನೂ ಸಿಗುವುದಿಲ್ಲ.

ಬಾಡಿಗೆಹೊಲ
ಪರಿಹಾರದ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಕುಟುಂಬಕ್ಕೆ 5 ಲಕ್ಷ ಕೊಡುತ್ತಾರೆ. ಆದರೆ ಪಹಣಿ ಯಾರ ಹೆಸರಲ್ಲಿದೆ, ಸಾಲ ಎಲ್ಲಿಂದ ತಂದಿದ್ದು, ಎಲ್ಲ ನೋಡುತ್ತಾರೆ. ನನ್ನಂಥವರು ಲಾವಣಿ, ಅಂದರೆ ಗುತ್ತಿಗೆಗೆ ಹೊಲ ಹಿಡಿದು ಉಳುವವರು. ಬಾಯಿಮಾತಿನ ಲಾವಣಿ, ಕಾಗದ ಇಲ್ಲ. ಬೆಳೆ ಹೋದರೆ ನಷ್ಟ ನಮ್ಮದು, ಬೆಳೆ ಪರಿಹಾರ ಹೊಲದ ಮಾಲೀಕನ ಖಾತೆಗೆ.

ಆಶಾ_ಅಕ್ಕ
ಹೆಂಗಸರ ಕಥೆ ಇನ್ನೂ ಹಾಗೇ. ಬಿತ್ತನೆ, ಕಳೆ, ಹತ್ತಿ ಬಿಡಿಸುವುದು ಎಲ್ಲ ಅವಳೇ ಮಾಡಿದರೂ ಪಹಣಿಯಲ್ಲಿ ಹೆಸರಿಲ್ಲ. ಸತ್ತರೆ "ಗೃಹಿಣಿ" ಅಂತ ಬರೆಯುತ್ತಾರೆ. ಕಾರಣ "ಹೊಟ್ಟೆನೋವು" ಅಂತ ಬರೆಸುತ್ತಾರೆ. ಹೊಟ್ಟೆನೋವು ತಾಳಲಾರದೆ ಅನ್ನುವ ಸಾಲು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು!

ಅಂಕಿಅಂಶ_ಆಸಕ್ತ
ಇದಕ್ಕೆ ಲೆಕ್ಕವೂ ಇದೆ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) 2022ರ ವರದಿ ಪ್ರಕಾರ ದೇಶದಲ್ಲಿ ಆ ವರ್ಷ 1,70,924 ಆತ್ಮಹತ್ಯೆ. ಅದರಲ್ಲಿ ಕೃಷಿಯವರು 11,290. ಎಲ್ಲರೂ ಅಂದುಕೊಳ್ಳುವುದು ಇವರೆಲ್ಲ ರೈತರು ಅಂತ. ಅಲ್ಲ. ರೈತರು 5,207, ಕೃಷಿ ಕೂಲಿಕಾರರು 6,083. ಕೂಲಿಯವರೇ ಜಾಸ್ತಿ. ಕೃಷಿಯವರ ಲೆಕ್ಕದಲ್ಲಿ ಮಹಾರಾಷ್ಟ್ರ ಮೊದಲು, 2,392 ಸಾವುಗಳೊಂದಿಗೆ ಕರ್ನಾಟಕ ಎರಡನೆಯದು. ಗ್ರಾಮಸಭೆಯಲ್ಲಿ "ರೈತರ ಆತ್ಮಹತ್ಯೆ" ಅಂತ ಮಾತ್ರ ಬರೆದರೆ ನಿಮ್ಮೂರಿನ ಆ ಹೆಣ್ಣುಮಗಳೂ ಬಿಟ್ಟುಹೋಗುತ್ತಾಳೆ, ಹುಡುಗನೂ ಬಿಟ್ಟುಹೋಗುತ್ತಾನೆ.

ಬೆಳವಲದ_ಹುಡುಗ
ಇದು ನನಗೆ ಹೊಳೆದಿರಲಿಲ್ಲ. ಅರ್ಜಿಯಲ್ಲಿ ತಿದ್ದುತ್ತೇನೆ.

ಗೊಬ್ಬರದಂಗಡಿ
ನಾನು ಬೀಜ, ಗೊಬ್ಬರ, ಔಷಧಿ ಮಾರುವವನು. ದಾವಣಗೆರೆ ಕಡೆ. 22 ವರ್ಷದ ಅಂಗಡಿ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮ ಜನ ಕೀಟನಾಶಕಕ್ಕೆ ಔಷಧಿ ಅಂತಾರೆ. ಉತ್ತರದ ಕಡೆ ಎಣ್ಣೆ ಅಂತಾರೆ. ಬೆಳೆಗೆ ಹೊಡೆಯುವುದೂ ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ. ಮನೆಯಲ್ಲಿ ಜೋಳದ ಚೀಲದ ಪಕ್ಕದಲ್ಲೋ ಅಟ್ಟದ ಮೇಲೋ ಇಟ್ಟಿರುತ್ತಾರೆ. ಉಳಿದಿದ್ದನ್ನು ಯಾರೂ ಎಸೆಯುವುದಿಲ್ಲ, ದುಡ್ಡು ಕೊಟ್ಟಿದ್ದು ಅಂತ.

ಒಂದು ಸಲ ಹೀಗಾಯಿತು. ಬೇಸಿಗೆ, ಹೊಲದಲ್ಲಿ ಏನೂ ಇಲ್ಲ. ಗುರುತಿನ ಗಿರಾಕಿ ಒಬ್ಬ ಮಧ್ಯಾಹ್ನ ಬಂದ. ಯಾವಾಗಲೂ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ, ಅವತ್ತು ರೇಟೇ ಕೇಳಲಿಲ್ಲ. ಬಿಲ್ಲೂ ಬೇಡ ಅಂದ. ನನಗೆ ಒಂಥರಾ ಆಯಿತು. "ಸ್ಟಾಕ್ ಬಂದಿಲ್ಲ, ಗೋಡೌನಿಂದ ತರಿಸ್ತೀನಿ, ಕೂತ್ಕೋ ಅಣ್ಣ" ಅಂದೆ. ಟೀ ತರಿಸಿದೆ. ಟೀ ಲೋಟ ಹಿಡಿದ ಕೈ ನಡುಗುತ್ತಿತ್ತು. ಎದುರಿಗೆ ಕೂತು "ಯಾಕಣ್ಣ, ಜೀವ ಬೇಜಾರಾಗಿದೆಯಾ?" ಅಂತ ಕೇಳಿಯೇಬಿಟ್ಟೆ. ಮಾತಿಲ್ಲ. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮಗಳ ಮದುವೆ ಸಾಲ, ಬೋರ್ ಬತ್ತಿದ್ದು, ತಮ್ಮನ ಜೊತೆ ಜಗಳ, ಎಲ್ಲ ಹೇಳಿದ. ಅವನ ಭಾವಮೈದುನನಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಅಂಗಡಿಯ ಅರ್ಧ ಶಟರ್ ಎಳೆದು ಅವನ ಜೊತೆ ಕೂತಿದ್ದೆ. ಈಗ ಆರು ವರ್ಷ ಆಯಿತು. ಇವತ್ತಿಗೂ ಬರುತ್ತಾನೆ, ಚೌಕಾಸಿ ಮಾಡುತ್ತಾನೆ.

ನನಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅದಕ್ಕೂ ಮುಂಚೆ ಇನ್ನೆಷ್ಟು ಜನರನ್ನು ಗುರುತು ಹಿಡಿಯಬಹುದಿತ್ತೋ ಅನ್ನಿಸುತ್ತದೆ. ಅಂಗಡಿಯವರನ್ನು ಗ್ರಾಮಸಭೆಗೆ ಕರೆಯಿರಿ.

ಮಲೆನಾಡಿಗ
ಕೈ ಮುಗಿದೆ ಅಣ್ಣ ನಿಮಗೆ.

ಸೀಮೆಸುಣ್ಣ
ಒಂದು ಅನುಮಾನ. ಹಾಗೆ ನೇರವಾಗಿ ಕೇಳುವುದು ಸರಿಯಾ? ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಾಯುವ ಯೋಚನೆ ಇದೆಯಾ ಅಂತ ಕೇಳಿದರೆ ಇಲ್ಲದವರ ತಲೆಗೂ ನಾವೇ ಹಾಕಿದಂತೆ ಆಗುವುದಿಲ್ಲವಾ?

ತಾಲ್ಲೂಕು_ಡಾಕ್ಟರಮ್ಮ
ಇಲ್ಲ. ಎಲ್ಲರಿಗೂ ಇರುವ ಭಯ ಇದು, ಆದರೆ ತಪ್ಪು. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಆದರೆ ಕೇಳುವ ರೀತಿ ಮುಖ್ಯ. "ಅಂಥ ಹುಚ್ಚು ಯೋಚನೆ ಏನಿಲ್ಲ ತಾನೆ?" ಅಂದರೆ ಯಾರಾದರೂ "ಇಲ್ಲ" ಅಂತಲೇ ಹೇಳುತ್ತಾರೆ. "ಇಷ್ಟು ಕಷ್ಟದಲ್ಲಿ ಸತ್ತುಹೋದರೆ ಸಾಕು ಅಂತ ಅನ್ನಿಸಿದ್ದುಂಟಾ?" ಅಂತ ಕೇಳಿ. ಉತ್ತರ ಬರುವವರೆಗೆ ಸುಮ್ನೆ ಇರಿ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. "ಮಕ್ಕಳ ಮುಖ ನೋಡು", "ಹೇಡಿ ಥರ ಮಾತಾಡಬೇಡ" ಅಂತ ಹೇಳಬೇಡಿ. "ಯಾರಿಗೂ ಹೇಳಲ್ಲ" ಅಂತ ಆಣೆ ಮಾಡಬೇಡಿ, ಏಕೆಂದರೆ ಹೇಳಬೇಕಾಗುತ್ತದೆ.

ಆಶಾ_ಅಕ್ಕ
ಡಾಕ್ಟರಮ್ಮ ಹೇಳಿದ್ದು ನಿಜ. ನಮಗೆ ಒಂದು ದಿನದ ತರಬೇತಿ ಆಗಿತ್ತು. ಅದಾದ ಮೇಲೆ ಬಿಪಿ ನೋಡಲು ಒಂದು ಮನೆಗೆ ಹೋದೆ. ಅಜ್ಜಿ, ಎಪ್ಪತ್ತರ ಮೇಲೆ. ಮಗ ಸೊಸೆ ಬೆಂಗಳೂರಲ್ಲಿ ಗಾರೆ ಕೆಲಸ. ಪಟ್ಟಿ ಕಟ್ಟಿ ಗಾಳಿ ಒತ್ತುತ್ತಾ ಕೇಳಿದೆ, "ಅಮ್ಮಾ, ಇದ್ದು ಏನು ಮಾಡಲಿ ಅನ್ನಿಸುತ್ತಾ?" ಅಂತ. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ದಿನಾ ಅನ್ಸತ್ತೆ ಮಗಾ. ಇಷ್ಟು ವರ್ಷದಲ್ಲಿ ನೀನೇ ಮೊದಲು ಕೇಳಿದ್ದು" ಅಂದರು. ಬಿಪಿ ಮತ್ತೆ ನೋಡಬೇಕಾಯಿತು, ನನ್ನ ಕೈಯೇ ನಡುಗುತ್ತಿತ್ತು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ತಾಲ್ಲೂಕಿಗೇ ಬರುತ್ತಾರೆ. ಮಾತ್ರೆಗೆ ದುಡ್ಡಿಲ್ಲ. ಜೊತೆಗೆ ಪಕ್ಕದ ಮನೆಯ ಹುಡುಗಿ ದಿನಾ ಸಂಜೆ ಅಜ್ಜಿ ಮನೆಯಲ್ಲಿ ಕೂತು ಹೋಮ್‌ವರ್ಕ್ ಮಾಡುವ ಹಾಗೆ ಮಾಡಿದೆವು. ಮಾತ್ರೆಗಿಂತ ಅದೇ ಜಾಸ್ತಿ ಕೆಲಸ ಮಾಡಿತು ಅಂತ ನನಗೆ ಅನ್ನಿಸುತ್ತದೆ, ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಬೇಡಿ.

ತಾಲ್ಲೂಕು_ಡಾಕ್ಟರಮ್ಮ
ಬೇಜಾರು ಯಾಕೆ ಅಕ್ಕಾ, ಅದೂ ಚಿಕಿತ್ಸೆಯೇ. ಹಳ್ಳಿಯಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಅಂತ ತೋರಿಸಿಕೊಟ್ಟಿದ್ದು ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಟ್ಟು ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಕಬ್ಬಿನಗದ್ದೆ
ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಕೆಲಸ ಹೇರುವುದು ಮಾತ್ರ ಬೇಡ. ಅವರ ಗೌರವಧನವೇ ಸರಿಯಾಗಿ ಬರುವುದಿಲ್ಲ, ಬೀದಿಗಿಳಿದು ಧರಣಿ ಕೂರಬೇಕು.

ಆಶಾ_ಅಕ್ಕ
ಈ ಮಾತಿಗೆ ನಿಮಗೆ ಸಾವಿರ ನಮಸ್ಕಾರ ಅಣ್ಣಾ. ಕೆಲಸ ಮಾಡುತ್ತೇವೆ. ದುಡ್ಡೂ ಕೊಡಬೇಕು.

ಓದುಗ_ಧಾರವಾಡ
ಗೊಬ್ಬರದಂಗಡಿ ಅಣ್ಣನ ಮಾತಿಗೆ ಬರುತ್ತೇನೆ. ಕೀಟನಾಶಕ ಕೈಗೆ ಸುಲಭವಾಗಿ ಸಿಗದ ಹಾಗೆ ಮಾಡುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಶ್ರೀಲಂಕಾ ನೋಡಿ. 1995ರ ಹೊತ್ತಿಗೆ ಅಲ್ಲಿ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿತ್ತು. ತುಂಬಾ ವಿಷಕಾರಿಯಾದವನ್ನು ಒಂದೊಂದಾಗಿ ನಿಷೇಧ ಮಾಡುತ್ತಾ ಬಂದರು. 2015ರ ಹೊತ್ತಿಗೆ ಸುಮಾರು ಶೇ. 70ರಷ್ಟು ಇಳಿಯಿತು. ಬೆಳೆ ಇಳುವರಿ ಅದರಿಂದ ಬೀಳಲಿಲ್ಲ. ನಮ್ಮಲ್ಲೂ 2018ರಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಮಾಡಿತು, ಆದರೆ ಪಟ್ಟಿಯಿಂದ ಹೊರಗೆ ಇನ್ನೂ ಬೇಕಾದಷ್ಟಿವೆ.

ಮಲೆನಾಡಿಗ
ಸಾಯಬೇಕು ಅಂದವರಿಗೆ ಇದಿಲ್ಲದಿದ್ದರೆ ಇನ್ನೊಂದು. ನಿಷೇಧ ಮಾಡಿ ಏನು ಉಪಯೋಗ?

ಕಪ್ಪುಮಣ್ಣು
ಮಲೆನಾಡಿಗರೇ, ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಏಕೆಂದರೆ ನಾನು ಬದುಕಿ ಉಳಿದವನು.

ಕಲಬುರಗಿ ಜಿಲ್ಲೆ, ಏಳೆಕರೆ. ತೊಗರಿ ನೆಟೆರೋಗಕ್ಕೆ ಸಿಕ್ಕಿ ಹಾಳಾದ ವರ್ಷ ಅದು. ಹೂ ಬಿಟ್ಟು ನಿಂತಿದ್ದ ಹೊಲ ಹತ್ತು ದಿನದಲ್ಲಿ ಒಣಗಿ ಕಟ್ಟಿಗೆ ಆಯಿತು. ಅವತ್ತು ಸಂಜೆ ಬ್ಯಾಂಕಿನವರು ಮನೆ ಮುಂದೆ ನಿಂತು ಜೋರಾಗಿ ಮಾತಾಡಿ ಹೋದರು. ಓಣಿಯವರೆಲ್ಲ ನೋಡಿದರು. ನನಗೆ ಸಾಲಕ್ಕಿಂತ ಆ ನೋಟ ತಡೆಯಲಾಗಲಿಲ್ಲ. ಅದಾಗಿ ಅರ್ಧ ಗಂಟೆ ಕೂಡ ಆಗಿರಲಿಲ್ಲ. ಬೆಳಗ್ಗೆ ಎದ್ದಾಗ ನನಗೆ ಅಂಥ ಯೋಚನೆಯೇ ಇರಲಿಲ್ಲ. ಅಂದರೆ ವರ್ಷಗಟ್ಟಲೆ ಯೋಚಿಸಿ ತೀರ್ಮಾನ ಮಾಡಿದ್ದಲ್ಲ ಅದು. ಆ ಹೊತ್ತಿನಲ್ಲಿ ಕೈಗೆ ಏನು ಸಿಕ್ಕಿತು ಅನ್ನುವುದರ ಮೇಲೆ ನಿಂತಿತ್ತು. ನನ್ನ ಪುಣ್ಯ, ಹೆಂಡತಿ ನೋಡಿದಳು, ಗಾಡಿ ಸಿಕ್ಕಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಬಂದದ್ದು ಪಶ್ಚಾತ್ತಾಪ. ನಾನು ಬದುಕಬೇಕು ಅಂತ ಕೂಗಬೇಕು ಅನ್ನಿಸುತ್ತಿತ್ತು, ಗಂಟಲಲ್ಲಿ ಪೈಪ್ ಇತ್ತು. ಆಮೇಲೆ ಬೇರೆ ದಾರಿ ಹುಡುಕಲಿಲ್ಲ ನಾನು. ಸಾಲ ಇನ್ನೂ ಇದೆ. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ.

ಮಲೆನಾಡಿಗ
ಕ್ಷಮಿಸಿ ಅಣ್ಣ. ಗೊತ್ತಿಲ್ಲದೆ ಬರೆದೆ. ನನ್ನ ಮಾತು ವಾಪಸ್.

ಬೆಳವಲದ_ಹುಡುಗ
ಕಪ್ಪುಮಣ್ಣು ಅಣ್ಣಾರ, ಓದಿ ಎದೆ ಒಡೆಯಿತು. ಒಂದು ಕೇಳಲಾ? ಆಸ್ಪತ್ರೆಯಿಂದ ಬಂದ ಮೇಲೆ ಊರು ನಿಮ್ಮನ್ನು ಹೇಗೆ ನಡೆಸಿಕೊಂಡಿತು?

ಕಪ್ಪುಮಣ್ಣು
ಕೇಳಪ್ಪ, ಇದನ್ನು ಹೇಳಲೇಬೇಕು. ಒಂದು ತಿಂಗಳು ಯಾರೂ ಮನೆ ಒಳಗೆ ಬರಲಿಲ್ಲ. ಬಂದವರು ಹೊಸ್ತಿಲಲ್ಲೇ ನಿಂತು ಹೆಂಡತಿಯನ್ನು ಮಾತಾಡಿಸಿ ಹೋದರು. ನಾನು ಒಳಗೆ ಮಲಗಿ ಎಲ್ಲ ಕೇಳುತ್ತಿದ್ದೆ. ಗೆಳೆಯ ಒಬ್ಬ ಮಾತ್ರ ದಿನಾ ಬೆಳಗ್ಗೆ ಬಂದು "ಏಳಲೇ, ಹೊಲಕ್ಕೆ ಹೋಗೂಣು" ಅನ್ನುತ್ತಿದ್ದ. ಹೊಲದಲ್ಲಿ ಕೆಲಸ ಏನೂ ಇರಲಿಲ್ಲ. ಬದುವಿನ ಮೇಲೆ ಕೂತು ಬರುತ್ತಿದ್ದೆವು. ಆ ವಿಷಯ ಅವನು ಒಂದು ದಿನವೂ ಎತ್ತಲಿಲ್ಲ. ಅವನಿಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ತಾಲ್ಲೂಕು_ಡಾಕ್ಟರಮ್ಮ
ನಿಮ್ಮ ಗೆಳೆಯ ಮಾಡಿದ್ದನ್ನೇ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದೆ. ಅದರಲ್ಲಿ ನಮ್ಮ ಚೆನ್ನೈ ಕೂಡ ಇತ್ತು. ಪ್ರಯತ್ನ ಮಾಡಿ ಬದುಕಿ ಉಳಿದ 1,867 ಜನ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನರ್ಧ ಜನಕ್ಕೆ ಬಿಡುಗಡೆಗೆ ಮುಂಚೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಅಷ್ಟೇ. 2008ರಲ್ಲಿ ಫಲಿತಾಂಶ ಬಂತು. ಮಾಮೂಲಿ ಗುಂಪಿನಲ್ಲಿ 18 ಜನ ಮತ್ತೆ ಆತ್ಮಹತ್ಯೆಗೆ ಬಲಿಯಾಗಿದ್ದರು. ಮಾತಾಡಿಸುತ್ತಿದ್ದ ಗುಂಪಿನಲ್ಲಿ ಇಬ್ಬರು.

ಹುಡುಗಾ, ನಿಮ್ಮ ಗ್ರಾಮಸಭೆಯ ಪಟ್ಟಿಯಲ್ಲಿ ಇದನ್ನು ಮೊದಲು ಬರೆಯಿರಿ. ಪ್ರಯತ್ನ ಮಾಡಿ ಉಳಿದವರ ಮನೆಗೆ ಒಂದೂವರೆ ವರ್ಷ ಯಾರು ಹೋಗಿಬರುತ್ತಾರೆ ಅಂತ. ಅವರಿಗೇ ಅಪಾಯ ಜಾಸ್ತಿ.

ಹಳ್ಳಿವಕೀಲ
ಇಲ್ಲಿ ಕಾನೂನಿನ ವಿಷಯ ಒಂದು ಹೇಳಿಬಿಡುತ್ತೇನೆ. ಜನ ಆಸ್ಪತ್ರೆಗೆ ಹೋಗಲು ಹೆದರುವುದು ಪೊಲೀಸ್ ಕೇಸ್ ಆಗುತ್ತದೆ ಅಂತ. ಹಳೆಯ ಐಪಿಸಿ 309 ಇತ್ತು, ಆತ್ಮಹತ್ಯೆಗೆ ಪ್ರಯತ್ನಿಸಿದರೆ ಒಂದು ವರ್ಷದವರೆಗೆ ಜೈಲು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅದನ್ನು ಬದಲಾಯಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಇಲ್ಲ.

ಆಶಾ_ಅಕ್ಕ
ಆದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ ಮಾಡುತ್ತಾರಲ್ಲ ಸರ್? ಅದಕ್ಕೇ ಹೆದರಿ ನಮ್ಮ ಪಕ್ಕದ ಊರಿನವರು ಒಂದು ಖಾಸಗಿ ಕ್ಲಿನಿಕ್‌ಗೆ ಹೋದರು. ಅಲ್ಲಿ "ಕೇಸ್ ಆಗುತ್ತೆ, ಬೇರೆ ಕಡೆ ಹೋಗಿ" ಅಂತ ಬಾಗಿಲಲ್ಲೇ ಕಳಿಸಿದರು. ಎರಡು ಗಂಟೆ ಸುಮ್ನೆ ಹೋಯಿತು.

ಹಳ್ಳಿವಕೀಲ
ಎಂಎಲ್‌ಸಿ ಅಂದರೆ ಆಸ್ಪತ್ರೆಯವರು ದಾಖಲೆ ಮಾಡಿ ಪೊಲೀಸರಿಗೆ ತಿಳಿಸುವುದು. ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಅದು ಅಪರಾಧಿ ಅಂತ ಕೇಸ್ ಹಾಕಿದ ಹಾಗಲ್ಲ. ತುರ್ತು ಚಿಕಿತ್ಸೆಗೆ ಬಂದವರನ್ನು ವಾಪಸ್ ಕಳಿಸುವುದೂ ತಪ್ಪು. ಇದನ್ನು ಪಂಚಾಯಿತಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಸಂಘದಕ್ಕ
ನಾನು ಚಾಮರಾಜನಗರ ಕಡೆಯವಳು. ಸಾಲ ಅಂದರೆ ಬ್ಯಾಂಕ್ ಸಾಲ ಅಂತ ಮಾತಾಡುತ್ತಿದ್ದೀರಿ. ನಮ್ಮ ಹೆಂಗಸರ ಸಾಲ ಮೈಕ್ರೋ ಫೈನಾನ್ಸಿನದು. ಒಬ್ಬಳು ಕಂತು ಕಟ್ಟದಿದ್ದರೆ ಹತ್ತು ಜನ ಸೇರಿ ಕಟ್ಟಬೇಕು. ಅದಕ್ಕೆ ಕಂಪನಿಯವನಿಗಿಂತ ಮೊದಲು ಸಂಘದ ಗೆಳತಿಯರೇ ಅವಳ ಮನೆ ಮುಂದೆ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ. ಒಂದು ಸಲ ಒಬ್ಬಳ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಮಗು ಬರೀ ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿತ್ತು. ನಾನು ಕಂತಿನ ಪುಸ್ತಕ ಹಿಡಿದು ನಿಂತಿದ್ದೆ. ಇವತ್ತಿಗೂ ಅದು ನೆನಪಾದರೆ ಊಟ ಇಳಿಯುವುದಿಲ್ಲ.

2025ರ ಶುರುವಿನಲ್ಲಿ ನಮ್ಮ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಟಿವಿಯಲ್ಲೆಲ್ಲ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಾದ ಮೇಲೆ ನಮ್ಮೂರಲ್ಲಿ ಸ್ವಲ್ಪ ತಗ್ಗಿದೆ.

ನಾವು ಸಂಘದಲ್ಲಿ ಒಂದು ನಿಯಮ ಮಾಡಿಕೊಂಡೆವು. ಕಂತು ತಪ್ಪಿದವಳ ಮನೆಗೆ ಗುಂಪಾಗಿ ಹೋಗುವ ಹಾಗಿಲ್ಲ. ಇಬ್ಬರು ಹೋಗಬೇಕು, ಪುಸ್ತಕ ಇಲ್ಲದೆ ಹೋಗಬೇಕು, ಮೊದಲು ಊಟ ಆಯಿತಾ ಅಂತ ಕೇಳಬೇಕು.

ಕಬ್ಬಿನಗದ್ದೆ
ತಂಗೀ, ಇದು ಒಳ್ಳೆಯ ನಿಯಮ. ಸೊಸೈಟಿಗೂ ಇದನ್ನೇ ಹಾಕಬೇಕು. ವಸೂಲಿಗೆ ಮನೆ ಮುಂದೆ ನಿಂತು ಕೂಗುವ ಹಾಗಿಲ್ಲ ಅಂತ. ಕಪ್ಪುಮಣ್ಣು ಅಣ್ಣ ಹೇಳಿದ್ದೂ ಅದೇ ಅಲ್ವಾ, ಓಣಿಯವರ ನೋಟ.

ಬೆಳವಲದ_ಹುಡುಗ
ನಮ್ಮ ಸೊಸೈಟಿಯಲ್ಲಿ ಬಾಕಿದಾರರ ಪಟ್ಟಿಯನ್ನು ಹೊರಗಿನ ಗೋಡೆಗೆ ಅಂಟಿಸುತ್ತಾರೆ. ಅದನ್ನು ಬರೆಯುವವನೇ ನಾನು. ಕಾಕಾ ಬಂದ ದಿನ ಬರೆಯುತ್ತಿದ್ದದ್ದೂ ಅದೇ.

ಗೊಬ್ಬರದಂಗಡಿ
ತಮ್ಮಾ, ಆ ಭಾರ ಒಬ್ಬನೇ ಹೊತ್ತುಕೊಳ್ಳಬೇಡ. ನೀನೂ ಯಾರ ಹತ್ತಿರವಾದರೂ ಕೂತು ಮಾತಾಡು. ಹತ್ತಿರದವರು ಹೋದಾಗ ಉಳಿದವರಿಗೂ ಪೆಟ್ಟು ಬಿದ್ದಿರುತ್ತದೆ. ನಿನ್ನ ನಂಬರ್ ಇನ್‌ಬಾಕ್ಸಿಗೆ ಕಳಿಸು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡುತ್ತೇನೆ.

ಮಲೆನಾಡಿಗ
ವಿಷಯ ಬೇರೆ ಅನ್ನಿಸಬಹುದು. ನಮ್ಮ ಕಡೆ ಅಡಿಕೆಗೆ ಎಲೆಚುಕ್ಕೆ ರೋಗ ಬಂದು ತೋಟಕ್ಕೆ ತೋಟವೇ ಕೆಂಪಾಗಿದೆ. ಮೊದಲು ಮಲೆನಾಡು ಅಂದರೆ ಅಡಿಕೆ ದುಡ್ಡು, ಇವರಿಗೇನು ಕಷ್ಟ ಅಂತಿದ್ದರು. ಈಗ ಮನೆಯಲ್ಲಿ ಇಬ್ಬರೇ ಮುದುಕರು, ಮಕ್ಕಳೆಲ್ಲ ಬೆಂಗಳೂರು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. 14416 ಅಂತೀರಿ, ಫೋನ್ ಮಾಡಲು ಗುಡ್ಡ ಹತ್ತಬೇಕು. ಇಂಥ ಒಂಟಿ ಮನೆಗಳಿಗೆ ಏನು ಮಾಡುವುದು?

ಓದುಗ_ಧಾರವಾಡ
ಪೋಸ್ಟ್‌ಮ್ಯಾನ್, ಹಾಲಿನ ಡೇರಿಯವರು, ಲೈನ್‌ಮನ್. ಒಂಟಿ ಮನೆಗೆ ಹೋಗುವವರು ಇವರೇ. ಎರಡು ದಿನ ಹಾಲು ಬರಲಿಲ್ಲ ಅಂದರೆ ಡೇರಿಯವರಿಗೆ ಮೊದಲು ಗೊತ್ತಾಗುತ್ತದೆ.

ನದಿದಂಡೆ
ನಾನು ಟ್ರಾನ್ಸ್ ಮಹಿಳೆ, ರಾಯಚೂರು ಜಿಲ್ಲೆ. ಓದುತ್ತಾ ಬಂದೆ, ನಮ್ಮ ಮಾತು ಯಾರೂ ಎತ್ತಲಿಲ್ಲ. ಹದಿನಾರನೇ ವಯಸ್ಸಿಗೆ ಮನೆಯಿಂದ ಹೊರಗೆ ಹಾಕಿದರು. ನಮ್ಮ ಗುಂಪಿನಲ್ಲಿ ಈ ಯೋಚನೆ ಬರದವರು ಕಡಿಮೆ. ಊರಿನ ಆಸ್ಪತ್ರೆಗೆ ಹೋದರೆ ಚೀಟಿ ಕೊಡುವವರು ಮೊದಲು ನಗುತ್ತಾರೆ. ನಮಗೆ ನಮ್ಮ ಗುರುಗಳೇ ಎಲ್ಲ. ರಾತ್ರಿ ಯಾರಾದರೂ ಮಾತು ಬಿಟ್ಟು ಮೂಲೆ ಸೇರಿದರೆ ಗುರು ಅವರ ಚಾಪೆಯನ್ನು ತನ್ನ ಚಾಪೆ ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ. ಬೆಳಗ್ಗೆವರೆಗೆ ಒಬ್ಬರು ಎಚ್ಚರ ಇರುತ್ತೇವೆ. ಊರಲ್ಲಿ ಸಮಿತಿ ಮಾಡುವುದಾದರೆ ನಮ್ಮಂಥವರನ್ನೂ ಸೇರಿಸಿ. ಎಚ್ಚರ ಇರುವುದು ನಮಗೆ ಗೊತ್ತು.

ತಾಲ್ಲೂಕು_ಡಾಕ್ಟರಮ್ಮ
ನದಿದಂಡೆ ಅವರೇ, ಬರೆದದ್ದಕ್ಕೆ ಧನ್ಯವಾದ. ನಮ್ಮ ಆಸ್ಪತ್ರೆಯ ಚೀಟಿ ಕೌಂಟರಿನವರ ಜೊತೆ ನಾಳೆಯೇ ಮಾತಾಡುತ್ತೇನೆ.

ಸೀಮೆಸುಣ್ಣ
ಹುಡುಗರ ವಿಷಯ. ಫಲಿತಾಂಶದ ದಿನ ನಮಗೆ ಎದೆ ಡವಡವ. ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ವರ್ಷ ಹಾಳಾಗುವುದಿಲ್ಲ. ಆದರೆ ಹಳ್ಳಿಯ ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇಲ್ಲ. ಫೇಲ್ ಅಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ನಾವು ಐದು ಜನ ಉಪನ್ಯಾಸಕರು ಹಂಚಿಕೊಂಡಿದ್ದೇವೆ. ಫಲಿತಾಂಶ ಬಂದ ಒಂದು ಗಂಟೆಯೊಳಗೆ ಫೇಲಾದ ಪ್ರತಿಯೊಬ್ಬರ ಮನೆಗೂ ಫೋನ್. ಮೊದಲು ಅಪ್ಪ ಅಮ್ಮನ ಜೊತೆ, ಆಮೇಲೆ ಹುಡುಗರ ಜೊತೆ. "ಸೋಮವಾರ ಕಾಲೇಜಿಗೆ ಬಾ, ಫಾರ್ಮ್ ತುಂಬೋಣ" ಅಂತ ಒಂದು ಕೆಲಸ ಹೇಳುತ್ತೇವೆ. ಹಾಸ್ಟೆಲಿನಲ್ಲಿದ್ದವರನ್ನು ಅವತ್ತು ಒಬ್ಬರೇ ಮಲಗಲು ಬಿಡುವುದಿಲ್ಲ.

ಬೆಳವಲದ_ಹುಡುಗ
ಸರ್, ಇದು ನಮ್ಮ ಕಾಲೇಜಿಗೂ ಬೇಕು. ಇನ್ನೊಂದು ಪ್ರಶ್ನೆ. ಔಷಧಿ ಇಡಲು ಪ್ರತಿ ಮನೆಗೆ ಬೀಗದ ಪೆಟ್ಟಿಗೆ ಕೊಟ್ಟರೆ ಹೇಗೆ? ಪಂಚಾಯಿತಿ ದುಡ್ಡಲ್ಲಿ ಮಾಡಿಸಬಹುದು ಅನ್ನಿಸುತ್ತದೆ.

ಓದುಗ_ಧಾರವಾಡ
ಆ ತಪ್ಪು ಮಾಡಬೇಡಿ. ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಅರ್ಧ ಹಳ್ಳಿಗಳಿಗೆ ಮನೆಗೊಂದು ಬೀಗದ ಪೆಟ್ಟಿಗೆ ಕೊಟ್ಟರು. 2017ರಲ್ಲಿ ಫಲಿತಾಂಶ ಬಂತು, ಪೆಟ್ಟಿಗೆ ಕೊಟ್ಟಲ್ಲೂ ಕೊಡದಲ್ಲೂ ವ್ಯತ್ಯಾಸ ಇಲ್ಲ. ಮನೆಯಲ್ಲೇ ಬೀಗ, ಮನೆಯಲ್ಲೇ ಕೀಲಿ ಇದ್ದರೆ ಹಾಗೇ ಆಗುವುದು. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆ ಬೇರೆ ಥರ ಮಾಡಿದರು. ಆತ್ಮಹತ್ಯೆ ತಡೆಗೆ ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ. ಊರಿಗೊಂದು ಕೋಣೆ, ಒಳಗೆ ರೈತರ ಪೆಟ್ಟಿಗೆಗಳು, ನೋಡಿಕೊಳ್ಳಲು ಒಬ್ಬರು. ಬೇಕಾದಾಗ ಬಂದು ತಗೊಂಡು ಹೋಗಬೇಕು. ಎರಡೇ ಊರಲ್ಲಿ ಮಾಡಿದ್ದು, ಸಣ್ಣ ಪ್ರಯೋಗ. ಆದರೆ ಅಲ್ಲಿ ಕಡಿಮೆಯಾಯಿತು.

ಗೊಬ್ಬರದಂಗಡಿ
ಇದು ಆಗುವ ಮಾತು. ಔಷಧಿ ಹೊಡೆಯುವುದು ಬೆಳಗ್ಗೆ ಬೇಗ. ಕೋಣೆ ಆರಕ್ಕೇ ತೆಗೆಯಬೇಕು, ಇಲ್ಲದಿದ್ದರೆ ರೈತರು ಬರುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಸಂಜೆ ಉಳಿದದ್ದನ್ನು ವಾಪಸ್ ಇಡುವುದು ಕಡ್ಡಾಯ. ಗಾಳಿ ಆಡುವ ಕೋಣೆ ಇರಲಿ, ಬೀಜ ಗೊಬ್ಬರದ ಜೊತೆ ಬೇಡ.

ಪತ್ರಿಕೆಹುಡುಗಿ
ತಡವಾಗಿ ಬಂದೆ. ನಾನು ಜಿಲ್ಲಾ ಪತ್ರಿಕೆಯೊಂದರ ವರದಿಗಾರ್ತಿ. ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ. ಹೇಗೆ ಸತ್ತರು ಅಂತ ವಿವರ ಬೇಡ, ಮುಖಪುಟದಲ್ಲಿ ದೊಡ್ಡದಾಗಿ ಬೇಡ, ಫೋಟೋ ವಿಡಿಯೋ ಬೇಡ. ನಾವು ಪಾಲಿಸುವುದು ಕಡಿಮೆ, ಒಪ್ಪಿಕೊಳ್ಳುತ್ತೇನೆ. ಆದರೆ ಈಗ ನಮಗಿಂತ ಮೊದಲು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹೆಣದ ಫೋಟೋ ಬಂದಿರುತ್ತದೆ. ಗ್ರಾಮಸಭೆಯಲ್ಲಿ ಅದಕ್ಕೂ ಒಂದು ಮಾತು ಹೇಳಿ.

ಬೆಳವಲದ_ಹುಡುಗ
ನಿನ್ನೆ ಗ್ರಾಮಸಭೆ ಆಯಿತು. ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ.

ನನ್ನ ಅರ್ಜಿ ಓದಲು ನಿಂತಾಗ ಒಬ್ಬರು "ಇದೆಲ್ಲ ಗ್ರಾಮಸಭೆ ವಿಷಯ ಅಲ್ಲ, ಚರಂಡಿ ವಿಷಯ ಮಾತಾಡು" ಅಂದರು. ಆಗ ಹಿಂದೆ ಹೆಂಗಸರ ಸಾಲಿನಿಂದ ಕಾಕಿ ಎದ್ದು ನಿಂತರು. ಅವರು ಸಭೆಗೆ ಬಂದದ್ದೇ ಇದೇ ಮೊದಲು. ಸೆರಗು ಹಿಡಿದುಕೊಂಡು "ಅಂವಾ ಓದಲಿ" ಅಂತ ಎರಡೇ ಮಾತು ಹೇಳಿ ಕೂತರು. ಆಮೇಲೆ ಯಾರೂ ಮಾತಾಡಲಿಲ್ಲ. ಪೂರ್ತಿ ಓದಿದೆ.

ಆಗಿರುವುದು ಇಷ್ಟು. ಬಾಕಿದಾರರ ಪಟ್ಟಿ ಗೋಡೆಗೆ ಅಂಟಿಸುವುದು ನಿಂತಿತು, ಸೊಸೈಟಿ ಅಧ್ಯಕ್ಷರು ಸಭೆಯಲ್ಲೇ ಒಪ್ಪಿದರು. ಆಶಾ, ಅಂಗನವಾಡಿ ಟೀಚರ್, ಡೇರಿ ಕಾರ್ಯದರ್ಶಿ, ಎರಡು ಔಷಧಿ ಅಂಗಡಿಯವರು, ಒಬ್ಬ ಲೈನ್‌ಮನ್‌ಗೆ ಒಂದು ದಿನದ ತರಬೇತಿ ಕೊಡಿಸಲು ಜಿಲ್ಲಾ ಮಾನಸಿಕ ಆರೋಗ್ಯದವರಿಗೆ ಪತ್ರ ಹೋಗಿದೆ. 14416 ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಬರೆಸಿದ್ದೇವೆ, ಅದರ ಕೆಳಗೆ "ಆಸ್ಪತ್ರೆಗೆ ಹೋದರೆ ಜೈಲಿಲ್ಲ" ಅಂತ. ಆಗದೇ ಇರುವುದು, ಲಾವಣಿ ರೈತರ ಹೆಸರು ಬರೆಯುವ ಪುಸ್ತಕ. ಹೊಲದ ಮಾಲೀಕರು ಒಪ್ಪಲಿಲ್ಲ. ದೊಡ್ಡ ಜಗಳವೇ ಆಯಿತು.

ಔಷಧಿ ಕೋಣೆಗೆ ಸೊಸೈಟಿಯ ಹಿಂದಿನ ಹಳೆಯ ಗೋದಾಮು ಕೊಡುತ್ತಾರೆ. ಬಾಗಿಲು ಗೆದ್ದಲು ಹಿಡಿದಿದೆ, ಬದಲಾಯಿಸಬೇಕು. ಈಗ ಇರುವ ಪ್ರಶ್ನೆ, ಬೆಳಗ್ಗೆ ಆರಕ್ಕೆ ಬಂದು ತೆಗೆಯುವವರು ಯಾರು, ಕೀಲಿ ಯಾರ ಹತ್ತಿರ ಇರಬೇಕು? ನಾನೇ ಇಟ್ಟುಕೊಳ್ಳುತ್ತೇನೆ ಅಂದೆ.

ಕಪ್ಪುಮಣ್ಣು
ಒಬ್ಬರೇ ಬೇಡ. ಎರಡು ಬೀಗ ಹಾಕಿಸು, ಎರಡು ಕೀಲಿ ಇಬ್ಬರ ಹತ್ತಿರ ಇರಲಿ. ನಿನಗೂ ಬೇಜಾರಿನ ದಿನ ಬರುತ್ತದೆ ತಮ್ಮಾ.

ಬೆಳವಲದ_ಹುಡುಗ
ಸರಿ ಅಣ್ಣಾರ. ಇನ್ನೊಂದು ಕೀಲಿ ಕಾಕಿ ಕೇಳಿದ್ದಾರೆ. ಅವರಿಗೇ ಕೊಡುತ್ತೇನೆ.